ಬಾಯಾರಿಕೆಗೆ ಎಂತ?

ಉಡುಪಿಯಲ್ಲೋ ಮಂಗಳೂರಿನಲ್ಲೋ ಯಾರದಾದರೂ ಮನೆಯ ಜಗಲಿ ಹತ್ತಿದರೆ ಮೊದಲು ಕೇಳಿಬರುವ ಮಾತು, "ಬಾಯಾರಿಕೆಗೆ ಎಂತ ಮಾಡ್ಲಿ?" ಇಲ್ಲಿ ಬಾಯಾರಿಕೆ ಎಂದರೆ ದಾಹವಲ್ಲ, ದಾಹಕ್ಕೆ ಕೊಡುವ ವಸ್ತು. ಚಾ, ಕಾಫಿ, ಶರಬತ್ತು, ಪುನರ್ಪುಳಿ ಜ್ಯೂಸು ಎಲ್ಲವೂ ಬಾಯಾರಿಕೆಯೇ. "ಬಾಯಾರಿಕೆ ಆಯ್ತು" ಎನ್ನುವವರು ಚಾ ಕುಡಿದು ಮುಗಿಸಿದವರು. ಘಟ್ಟದ ಮೇಲಿನವರು ಪಾಪ, ನೀರು ತರಲು ಓಡುತ್ತಾರೆ. ಅವರದೇ ಸರಿ ಎನ್ನಬೇಕು, ಏಕೆಂದರೆ ನಮ್ಮ ಬಾಯಾರಿಕೆಯ ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋದದ್ದು ನೀರೇ.

ಹಿಂದೆ ಬಂದವರ ಮುಂದೆ ಮೊದಲು ಇಡುತ್ತಿದ್ದುದು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬೆಲ್ಲ ಕಚ್ಚಿ, ಚೆಂಬು ಎತ್ತಿ ಗಟಗಟ ಕುಡಿದರೆ ಬಿಸಿಲು ಇಳಿಯುತ್ತಿತ್ತು. ನೀರು ಕುಡಿಯಬೇಕೆಂದು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಬಂದದ್ದಕ್ಕೆ ನೀರು, ಅಷ್ಟೇ. ಈಗ ನೆನಪಿಸುವ ಕೆಲಸವನ್ನು ಮೊಬೈಲಿಗೆ ವಹಿಸಿದ್ದೇವೆ. ಅದು ಗಂಟೆಗೊಮ್ಮೆ ಟಿಣ್ ಎನ್ನುತ್ತದೆ. ಮೊದಲ ವಾರ ಕುಡಿಯುತ್ತೇವೆ, ಎರಡನೆಯ ವಾರ ಬೆರಳಿನಿಂದ ಸವರಿ ಓಡಿಸುತ್ತೇವೆ.

ಅಭ್ಯಾಸ ಹೇಗೆ ಬೇರೂರುತ್ತದೆಂದು ತಿಳಿಯಲು ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯಿಂದ ದಿನಾ ಒಂದೇ ಸಂದರ್ಭದಲ್ಲಿ ಒಂದು ಹೊಸ ಕೆಲಸ ಮಾಡಿಸಿ ನೋಡಿದರು. ಫಲಿತಾಂಶ 2010ರಲ್ಲಿ ಅಚ್ಚಾಯಿತು: ಕೆಲಸ ತಾನಾಗಿ ನಡೆಯುವಂತಾಗಲು ನಡುವಿನ ಲೆಕ್ಕದಲ್ಲಿ 66 ದಿನ, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಕೆಡುವುದೇನೂ ಇಲ್ಲ. ನಂಟು ಇರಬೇಕಾದದ್ದು ಗಡಿಯಾರದೊಡನೆ ಅಲ್ಲ, ಹೇಗೂ ನಡೆದೇ ನಡೆಯುವ ಇನ್ನೊಂದು ಕೆಲಸದೊಡನೆ. ಹಲ್ಲುಜ್ಜಿದ ಮೇಲೆ ಒಂದು ಲೋಟ. ಕೆಲಸದ ಜಾಗದಲ್ಲಿ ಬ್ಯಾಗು ಇಳಿಸಿದ ಕೂಡಲೇ ಒಂದು. ಚಾದ ಮೊದಲು ಒಂದು. ಸಂಜೆ ಚಪ್ಪಲಿ ಬಿಟ್ಟು ಒಳಗೆ ಬಂದದ್ದಕ್ಕೆ ಒಂದು. ಇದಂತೂ ಹಳೆಯ ಬೆಲ್ಲ-ನೀರಿನ ಜಾಗವೇ, ಬೆಲ್ಲ ಬಿಟ್ಟರಾಯಿತು.

ಎಷ್ಟು ಎಂಬುದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ ದಿನಕ್ಕೆ ಸುಮಾರು 8 ಲೋಟ, ಅಂದರೆ 2 ಲೀಟರ್. ಎಡವಟ್ಟಾಗುವುದು ಲೋಟದಲ್ಲಿ. ಲೆಕ್ಕದ ಲೋಟ 250 ಮಿಲಿಲೀಟರಿನದು. ಮನೆಯ ಸ್ಟೀಲ್ ಲೋಟ ತುಳುಕದಂತೆ ತುಂಬಿದರೆ 180 ಹಿಡಿದರೆ ಹೆಚ್ಚು. ಎಂಟು ಲೋಟವೆಂದು ಹೆಮ್ಮೆಪಟ್ಟವರು ಒಂದೂವರೆ ಲೀಟರಿಗೇ ನಿಂತಿರುತ್ತಾರೆ. ಖಾಲಿಯಾದ ಅರ್ಧ ಲೀಟರಿನ ಬಾಟಲಿಯಲ್ಲಿ ಒಮ್ಮೆ ಅಳೆದುಬಿಟ್ಟರೆ ಜನ್ಮಕ್ಕೆ ಸಾಕು.

ಆದರೆ ಕರಾವಳಿಯ ಸೆಕೆ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಏಪ್ರಿಲ್-ಮೇಯಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಅಂಗಿಗೆ ಇಳಿಯುತ್ತದೆ. ಆರದ ಬೆವರು ಮೈ ತಂಪು ಮಾಡದು. ಮೈ ಇನ್ನಷ್ಟು ಬೆವರುತ್ತದೆ. ಆಗ ಅರ್ಧ, ಮುಕ್ಕಾಲು ಲೀಟರು ಹೆಚ್ಚೇ ಬೇಕು, ಜತೆಗೆ ಉಪ್ಪೂ. ನೀರುಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿದವರು ದಡ್ಡರಲ್ಲ. ಕುಚ್ಚಲಕ್ಕಿ ಗಂಜಿಯೂ ನೀರಿನ ಲೆಕ್ಕಕ್ಕೇ ಸೇರಬೇಕು: 300 ಗ್ರಾಂ ಗಂಜಿಯಲ್ಲಿ ಕಾಲು ಲೀಟರಿನಷ್ಟು ನೀರೇ. ಬೆಳಗ್ಗೆ ಗಂಜಿ ಬಿಟ್ಟು ಬ್ರೆಡ್ಡಿಗೆ ಬಂದವರು ಅಷ್ಟನ್ನು ಕಳಕೊಂಡರು. ಅದು ಅವರಿಗೆ ಗೊತ್ತೂ ಇಲ್ಲ.

ಬೆಳಗ್ಗೆ ಎದ್ದೊಡನೆ ಒಂದೇ ಉಸಿರಿಗೆ ಒಂದು ಲೀಟರ್ ಸುರಿದುಕೊಳ್ಳುವ ಶೂರರಿದ್ದಾರೆ. ಅದರಲ್ಲಿ ಬಹುಪಾಲು ಒಂದೆರಡು ಗಂಟೆಯಲ್ಲಿ ಬಚ್ಚಲು ಸೇರುತ್ತದೆ. ಮೂತ್ರಪಿಂಡ ಗಂಟೆಗೆ ಹೊರಹಾಕಬಲ್ಲದ್ದೇ ಹೆಚ್ಚುಕಡಿಮೆ ಒಂದು ಲೀಟರ್. ಅದಕ್ಕೂ ಮೀರಿ ಸುರಿದರೆ ರಕ್ತದ ಸೋಡಿಯಂ ಇಳಿಯುವ ಅಪಾಯ. ಹೃದಯದ, ಕಿಡ್ನಿಯ ತೊಂದರೆ ಇದ್ದವರಿಗೆ ಡಾಕ್ಟರರು ಹೇಳಿದ ಅಳತೆಯೇ ಅಳತೆ. ಉಳಿದವರಿಗೆ ಮೂತ್ರದ ಬಣ್ಣ ಸಾಕು: ತಿಳಿಹಳದಿ ಇದ್ದರೆ ಸರಿ, ಕಡುಹಳದಿಯಾದರೆ ನೀರು ಕಡಿಮೆ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮಾತ್ರ ಆ ಹಳದಿಯನ್ನು ನಂಬಬಾರದು.

ನೀರು ಕುಡಿಯದಿರಲು ಇನ್ನೊಂದು ಕಾರಣವಿದೆ, ಅದು ಮರೆವಲ್ಲ. ಮಂಗಳೂರಿನಿಂದ ಕುಂದಾಪುರಕ್ಕೆ ಎಕ್ಸ್‌ಪ್ರೆಸ್ ಬಸ್ಸು ಹತ್ತುವ ಹೆಂಗಸರು ಬಾಟಲಿ ತುಂಬಿಸಿಕೊಂಡೇ ಹೊರಡುತ್ತಾರೆ, ಕುಡಿಯುವುದಿಲ್ಲ. ದಾರಿಯಲ್ಲಿ ಶೌಚಾಲಯ ಎಲ್ಲಿ? ಈ ಸಮಸ್ಯೆಗೆ ಯಾವ ಆ್ಯಪೂ ಔಷಧವಲ್ಲ. ಹೊರಡುವ ಎರಡು ಗಂಟೆ ಮೊದಲು ಒಂದೂವರೆ ಲೋಟ ಕುಡಿದು, ದಾರಿಯಲ್ಲಿ ಗುಟುಕು ಗುಟುಕಾಗಿ ಗಂಟಲು ಒದ್ದೆ ಮಾಡಿಕೊಂಡು, ಇಳಿದಲ್ಲಿ ಪೂರ್ತಿ ಕುಡಿಯುವುದು ತಕ್ಕಮಟ್ಟಿನ ಉಪಾಯ.

ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಇನ್ನೊಂದು ಕತೆ. ಬಾಟಲಿ ತುಂಬಿದ್ದು ತುಂಬಿದ್ದಂತೆ ಮನೆಗೆ ಮರಳುತ್ತದೆ. ತಣ್ಣೀರು ಗಂಟಲಿಗೆ ಇಳಿಯುವುದಿಲ್ಲ. ಒಂದು ಲೀಟರ್ ನೀರಿಗೆ ಅರ್ಧ ಚಮಚ ಜೀರಿಗೆ ಹಾಕಿ ಐದು ನಿಮಿಷ ಕುದಿಸಿ ಫ್ಲಾಸ್ಕಿಗೆ ತುಂಬಿಟ್ಟರೆ ಮಧ್ಯಾಹ್ನದೊಳಗೆ ಖಾಲಿ. ಬಾವಿ ನೀರು ಕೆಂಪಾಗುವ ಕಾಲದಲ್ಲಿ ಕುದಿಸುವುದು ಹೇಗೂ ಆಗಲೇಬೇಕಾದ ಕೆಲಸ. ಫ್ಲಾಸ್ಕಿನ ಮುಚ್ಚಳದೊಳಗಿನ ರಬ್ಬರಿನ ಬಳೆಯನ್ನು ವಾರಕ್ಕೊಮ್ಮೆ ಚಮಚದ ಹಿಡಿಯಿಂದ ಎಬ್ಬಿಸಿ, ಅಡುಗೆ ಸೋಡಾದಲ್ಲಿ ತಿಕ್ಕಿ, ಪೂರ್ತಿ ಒಣಗಿಸಿಯೇ ಮತ್ತೆ ಕೂರಿಸಬೇಕು. "ಈ ನೀರಿಗೆ ಎಂತದೋ ವಾಸನೆ" ಎಂದು ಮಕ್ಕಳು ಮುಖ ಸಿಂಡರಿಸಿದರೆ ಅದು ನೀರಿನದ್ದಲ್ಲ, ಆ ಬಳೆಯ ಅಡಿಯಲ್ಲಿ ಕಪ್ಪಗೆ ಕೂತ ಬೂಸ್ಟಿನದ್ದು.