ಮಾತಿನ ಧಾಟಿಯೂ ಮತದ ಹಕ್ಕೂ

ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೆ ಎಂಬ ಚರ್ಚೆ ಆಗಾಗ ತಲೆಯೆತ್ತುತ್ತಲೇ ಇರುತ್ತದೆ. ಗೋವಾದಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡಿಗನಾದ ನನಗೆ ಅಲ್ಲಿಯ ಬೇಕು-ಬೇಡಗಳ ವಾದಕ್ಕಿಂತ ಮತ ಹಾಕುವ ಹಕ್ಕು ಯಾರಿಗಿತ್ತು ಎಂಬುದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 2014ರ ಸೆಪ್ಟೆಂಬರ್ 18ರಂದು ನಡೆದ ಜನಮತಗಣನೆಯಲ್ಲಿ, ಸ್ಕಾಟ್ಲೆಂಡಿನಲ್ಲಿ ವಾಸವಾಗಿದ್ದ, 16 ವರ್ಷ ತುಂಬಿದ ಬ್ರಿಟಿಷರ ಜೊತೆಗೆ ಐರೋಪ್ಯ ಒಕ್ಕೂಟದ ಪ್ರಜೆಗಳೂ, ಕಾಮನ್‌ವೆಲ್ತ್ ದೇಶಗಳಿಂದ ಬಂದು ಕಾನೂನುಬದ್ಧವಾಗಿ ನೆಲೆಸಿದ್ದವರೂ ಮತ ಹಾಕಬಹುದಿತ್ತು. ಎಂದರೆ, ಗ್ಲಾಸ್ಗೋದಲ್ಲಿ ಮನೆ ಮಾಡಿಕೊಂಡಿದ್ದ ಪೋಲೆಂಡಿನವರಿಗೂ ಭಾರತೀಯರಿಗೂ ಹಕ್ಕಿತ್ತು. ಆದರೆ ಎಡಿನ್‌ಬರೋದಲ್ಲಿ ಹುಟ್ಟಿ, ಯಾವ ದೇಶದವನ ಪಾತ್ರ ಮಾಡಿದರೂ ತನ್ನ ಸ್ಕಾಟಿಷ್ ಧಾಟಿಯನ್ನು ಬಿಟ್ಟುಕೊಡದ, ಸ್ವಾತಂತ್ರ್ಯದ ಪರ ಬಹಿರಂಗವಾಗಿ ನಿಂತಿದ್ದ ನಟ ಶಾನ್ ಕಾನರಿಗೆ ಇರಲಿಲ್ಲ, ಏಕೆಂದರೆ ಅವರು ಬಹಾಮಾಸ್‌ನಲ್ಲಿದ್ದರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಟೆನಿಸ್ ಆಟಗಾರ ಆ್ಯಂಡಿ ಮರ್ರೇಗೂ ಇರಲಿಲ್ಲ.

ಈ ನಿಯಮ ಸರಿಯಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ದೇಶವೊಂದು ಹೇಗಿರಬೇಕೆಂದು ತೀರ್ಮಾನಿಸಬೇಕಾದವರು ಮರುದಿನವೂ ಅಲ್ಲೇ ತೆರಿಗೆ ಕಟ್ಟಿ, ಅಲ್ಲೇ ಮಕ್ಕಳನ್ನು ಶಾಲೆಗೆ ಕಳಿಸುವವರು.

ಮಾತಿನ ಧಾಟಿ ಗಟ್ಟಿಯಾಗಿದ್ದಷ್ಟೂ ದೇಶಾಭಿಮಾನ ಗಟ್ಟಿ ಎಂದು ನಾವೆಲ್ಲ ಸುಲಭವಾಗಿ ನಂಬಿಬಿಡುತ್ತೇವೆ. ಸ್ಕಾಟ್ಲೆಂಡಿನ ಫಲಿತಾಂಶ ಆ ನಂಬಿಕೆಯನ್ನು ಬುಡಮೇಲು ಮಾಡಿತು. 2011ರ ಜನಗಣತಿಯಲ್ಲಿ ಅಲ್ಲಿಯ ದೇಸಿ ನುಡಿಯಾದ ಸ್ಕಾಟ್ಸ್ ಆಡಬಲ್ಲೆವೆಂದವರ ಪ್ರಮಾಣ ಅತಿ ಹೆಚ್ಚಾಗಿದ್ದದ್ದು ಅಬರ್ಡೀನ್‌ಶೈರ್ ಮತ್ತು ಶೆಟ್ಲೆಂಡ್ ದ್ವೀಪಗಳಲ್ಲಿ, ತಲಾ ಸುಮಾರು ಶೇ 49. ಈ ಎರಡೂ ಕಡೆ ಶೇ 60ಕ್ಕೂ ಹೆಚ್ಚು ಮತದಾರರು ಸ್ವಾತಂತ್ರ್ಯ ಬೇಡವೆಂದರು! ಬೇಕೆಂದದ್ದು 32 ಸ್ಥಳೀಯ ಆಡಳಿತ ಪ್ರದೇಶಗಳ ಪೈಕಿ ನಾಲ್ಕು ಮಾತ್ರ. ಗ್ಲಾಸ್ಗೋ ಮತ್ತು ಡಂಡೀ ಅವುಗಳಲ್ಲಿ ಸೇರಿದ್ದವು. ಹಳೆಯ ಕೈಗಾರಿಕೆಗಳು ಮುಚ್ಚಿ ಬಡತನ ಕಂಡ ಈ ನಗರಗಳ ಲೆಕ್ಕಾಚಾರವೇ ಬೇರೆಯಾಗಿತ್ತು, ಎಣ್ಣೆಯ ಉದ್ಯಮವನ್ನೂ ಬೇಸಾಯವನ್ನೂ ನಂಬಿದ ಈಶಾನ್ಯದ ಜಿಲ್ಲೆಗಳ ಲೆಕ್ಕಾಚಾರವೇ ಬೇರೆಯಾಗಿತ್ತು.

ಧಾಟಿಯಿಂದ ಅಳೆಯುವ ಚಾಳಿ ನಮ್ಮ ಸುತ್ತಲೂ ಇದೆ. ಗೋವಾದ ಬಂದರು ಪಟ್ಟಣ ವಾಸ್ಕೋದ ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಬಾದಾಮಿ ಕಡೆಯ ಹೆಣ್ಣುಮಗಳೊಬ್ಬಳು ಗಿರಾಕಿಯನ್ನು ಕೊಂಕಣಿಯಲ್ಲಿ ‘ಕಿತೆಂ ಜಾಯ್ ಬಾಯ್’ (ಏನು ಬೇಕಮ್ಮಾ) ಎಂದು ವಿಚಾರಿಸಿ, ಅದೇ ಉಸಿರಿನಲ್ಲಿ ಮಗನತ್ತ ತಿರುಗಿ ‘ಆ ಬುಟ್ಟಿ ಇತ್ತ ಸರಸೋ ತಮ್ಮಾ’ ಎನ್ನುತ್ತಾಳೆ. ಅವನು ಮೊಬೈಲಿನಿಂದ ತಲೆಯೆತ್ತದೆ ‘ರಾವ್ ಮಾತ್ಶೆಂ’ (ಸ್ವಲ್ಪ ತಡಿ) ಎನ್ನುತ್ತಾನೆ. ತಾಯಿಯ ಕೊಂಕಣಿಯಲ್ಲಿ ಬಾದಾಮಿಯ ಧಾಟಿ ಕೇಳಿಸುವುದರಿಂದ ಅವಳು ಹೊರಗಿನವಳು. ಮಗನ ಕನ್ನಡದಲ್ಲಿ ಕೊಂಕಣಿಯ ಧಾಟಿ ಕೇಳಿಸುವುದರಿಂದ ಊರಿಗೆ ಹೋದಾಗ ಅವನೂ ಹೊರಗಿನವನೇ. (ಇಲ್ಲಿಯ ಕನ್ನಡ ಸಮಾರಂಭಗಳಿಗೆ ಬೆಂಗಳೂರಿನಿಂದ ಬರುವ ಅತಿಥಿಗಳು ನಮ್ಮ ಉತ್ತರ ಕರ್ನಾಟಕದ ಮಾತು ಕೇಳಿ ಮುಗುಳ್ನಗುವುದೂ ಇದೇ ಚಾಳಿಯ ಸಭ್ಯ ರೂಪ.)

ಗೋವಾಕ್ಕೆ ಈ ಪ್ರಶ್ನೆ ಹೊಸದಲ್ಲ. 1967ರ ಜನವರಿ 16ರಂದು ಇಲ್ಲಿಯೂ ಜನಮತಗಣನೆ ನಡೆಯಿತು. ಅದು ಸ್ವಾತಂತ್ರ್ಯದ ಪ್ರಶ್ನೆಯಾಗಿರಲಿಲ್ಲ. ಮಹಾರಾಷ್ಟ್ರದೊಂದಿಗೆ ವಿಲೀನವಾಗಬೇಕೆ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆ ಎಂಬುದಾಗಿತ್ತು. ಹೂವಿನ ಗುರುತು ವಿಲೀನಕ್ಕೆ, ಎರಡೆಲೆಯ ಗುರುತು ಪ್ರತ್ಯೇಕತೆಗೆ. ಕೊಂಕಣಿ ಸ್ವತಂತ್ರ ಭಾಷೆಯೋ ಮರಾಠಿಯ ಉಪಭಾಷೆಯೋ ಎಂಬ ಜಗಳವೇ ಪ್ರಚಾರದ ತುಂಬ ಹರಡಿಕೊಂಡಿತ್ತು. 1,72,191 ಮತಗಳು ಎರಡೆಲೆಗೆ, 1,38,170 ಹೂವಿಗೆ ಬಿದ್ದವು. ಮುಂಬಯಿಯಲ್ಲಿ ದುಡಿಯುತ್ತಿದ್ದ ಗೋವಾ ಮೂಲದವರು ತಮಗೂ ಮತದ ಹಕ್ಕು ಬೇಕೆಂದು ಕೇಳಿದ್ದರು. ಆ ಬೇಡಿಕೆ ತಿರಸ್ಕೃತವಾಯಿತು. ಅಂದಿಗೂ ವಾಸವೇ ಅಳತೆಗೋಲಾಗಿತ್ತು. ಇಂದು ಮಾತ್ರ, ಪೋರ್ಚುಗೀಸರ ಆಳ್ವಿಕೆ ಮುಗಿದ ಮರುದಿನವಾದ 1961ರ ಡಿಸೆಂಬರ್ 20ಕ್ಕೆ ಮೊದಲು ತಾನೋ ತಂದೆತಾಯಿಯೋ ಅಜ್ಜ-ಅಜ್ಜಿಯೋ ಇಲ್ಲಿ ಹುಟ್ಟಿದ್ದರಷ್ಟೇ ಗೋವಾ ಮೂಲದವರೆಂದು ಕಾನೂನು ಮಾಡಬೇಕೆನ್ನುವ ಪಕ್ಷವೊಂದು 2022ರಲ್ಲಿ ವಿಧಾನಸಭೆಯನ್ನೂ ಪ್ರವೇಶಿಸಿದೆ. ಜಮೀನು, ಉದ್ಯೋಗಗಳು ಕೈತಪ್ಪುತ್ತಿವೆ ಎಂಬ ಅವರ ಅಳಲು ಸುಳ್ಳಲ್ಲ, ಆದರೆ ಅದಕ್ಕೆ ವಂಶಾವಳಿಯಲ್ಲಿ ಪರಿಹಾರ ಹುಡುಕುವುದನ್ನು ನಾನು ಒಪ್ಪಲಾರೆ.

ವಾಸವೇ ಅಳತೆಗೋಲಾದಾಗ ಮೂಲನಿವಾಸಿಗಳು ನಷ್ಟಕ್ಕೊಳಗಾಗಬಹುದು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2014ರ ಮತದಾನದ ನಂತರ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ವಾಂಸರು ನಡೆಸಿದ ಸಮೀಕ್ಷೆಯ ಪ್ರಕಾರ, ಸ್ಕಾಟ್ಲೆಂಡಿನಲ್ಲೇ ಹುಟ್ಟಿದವರಲ್ಲಿ ಸುಮಾರು ಶೇ 53 ಮಂದಿ ಸ್ವಾತಂತ್ರ್ಯ ಬೇಕೆಂದಿದ್ದರು. ಬ್ರಿಟನ್ನಿನ ಬೇರೆ ಭಾಗಗಳಿಂದ ಬಂದವರಲ್ಲಿ ಸುಮಾರು ಶೇ 72 ಮಂದಿ ಬೇಡವೆಂದಿದ್ದರು. ಒಟ್ಟು ಫಲಿತಾಂಶ, ಬೇಡ ಎಂದವರು ಶೇ 55.3. ಇಷ್ಟಾಗಿಯೂ ಅಲ್ಲಿಯ ರಾಷ್ಟ್ರೀಯವಾದಿ ಸರ್ಕಾರ ವಲಸಿಗರನ್ನು ದೂರಲಿಲ್ಲ. ಬದಲಿಗೆ 2020ರಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಎಲ್ಲ ವಿದೇಶೀಯರಿಗೂ ಸ್ಕಾಟ್ಲೆಂಡಿನ ಸಂಸತ್ತಿಗೆ ಮತ ಹಾಕುವ ಹಕ್ಕು ಸಿಕ್ಕಿತು. ಇದಕ್ಕೆ ವ್ಯತಿರಿಕ್ತವಾಗಿ, 1995ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಪ್ರತ್ಯೇಕತೆಯ ಮತದಾನ ಕೂದಲೆಳೆಯಲ್ಲಿ ಸೋತ ರಾತ್ರಿ, ಅಲ್ಲಿಯ ಮುಖ್ಯಸ್ಥ ಜಾಕ್ ಪಾರಿಜೊ ಸೋಲಿನ ಹೊಣೆಯನ್ನು ಹಣದ ಮೇಲೂ ಇತರ ಜನಾಂಗಗಳ ಮತದ ಮೇಲೂ ಹೊರಿಸಿ, ಮರುದಿನವೇ ರಾಜೀನಾಮೆ ಪ್ರಕಟಿಸಬೇಕಾಯಿತು.

ಒಂದು ಅಪವಾದವನ್ನು ಮಾತ್ರ ಒಪ್ಪುತ್ತೇನೆ. ವಸಾಹತುಶಾಹಿ ಸರ್ಕಾರವೇ ಜನರನ್ನು ತಂದು ತುಂಬಿ ಮೂಲದವರನ್ನು ಅಲ್ಪಸಂಖ್ಯಾತರನ್ನಾಗಿಸಿದ, ಪೆಸಿಫಿಕ್ ಸಾಗರದ ಫ್ರೆಂಚ್ ದ್ವೀಪ ನ್ಯೂ ಕ್ಯಾಲೆಡೋನಿಯಾದಂಥ ಕಡೆ, ಸ್ವಾತಂತ್ರ್ಯದ ಬಗ್ಗೆ 2018ರಿಂದ ನಡೆದ ಮೂರು ಜನಮತಗಣನೆಗಳಲ್ಲಿ ಹೊರಗಿನಿಂದ ಬಂದವರಿಗೆ ದೀರ್ಘಾವಧಿಯ ವಾಸದ ಷರತ್ತು ವಿಧಿಸಿದ್ದಕ್ಕೆ ಅರ್ಥವಿದೆ. ಗೋವಾದ ಕಥೆ ಹಾಗಲ್ಲ. ವಾಸ್ಕೋಗೆ ನಮ್ಮವರನ್ನು ಕರೆತಂದದ್ದು ಬಂದರಿನ ಕೂಲಿ, ಕಟ್ಟಡದ ಗುತ್ತಿಗೆದಾರರು ಮತ್ತು ಊರಿನ ಬರಗಾಲ.

ಆದರೆ ವಾಸಕ್ಕೆ ಹಕ್ಕು ಕೇಳುವ ನಾವೂ ಅದೇ ನಿಯಮಕ್ಕೆ ಬದ್ಧರಾಗಬೇಕಲ್ಲ. ಕರ್ನಾಟಕದಲ್ಲಿ ಚುನಾವಣೆ ಬಂತೆಂದರೆ ಇಲ್ಲಿಂದ ಬಸ್ಸುಗಳು ತುಂಬಿ ಊರಿಗೆ ಹೊರಡುತ್ತವೆ. ಬಾಡಿಗೆ ಯಾರು ಕೊಡುತ್ತಾರೆಂಬುದು ಎಲ್ಲರಿಗೂ ಗೊತ್ತು. 1950ರ ಪ್ರಜಾಪ್ರತಿನಿಧಿ ಕಾಯ್ದೆ ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರಿರುವುದನ್ನು ಒಪ್ಪುವುದಿಲ್ಲ. ಊರಲ್ಲೊಂದು ಮನೆಯಿದೆ ಎಂದ ಮಾತ್ರಕ್ಕೆ ಅಲ್ಲಿಯ ನಿವಾಸಿ ಎನಿಸುವುದೂ ಇಲ್ಲ. ‘ನಾಳೆ ಇಲ್ಲಿಂದ ಎಬ್ಬಿಸಿದರೆ ಊರಾಗಾದ್ರೂ ಓಟು ಇರ್ಲಿ ಸರ್’ ಎನ್ನುವವರ ಭಯ, ವಾಸ್ಕೋದ ಬೈನಾ ಬಡಾವಣೆಯಲ್ಲಿ ಮನೆಗಳು ನೆಲಸಮವಾದದ್ದನ್ನು ಕಂಡ ನನಗೆ ಅರ್ಥವಾಗುತ್ತದೆ. ಆದರೂ ಅಂಥವರಿಗೆ ನಾನು ಹೇಳುವುದು, ನಮೂನೆ 8ನ್ನು ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಿ ಎಂದೇ. ಎಬ್ಬಿಸಲು ಬರುವವರು ಮೊದಲು ನೋಡುವುದು ಯಾವ ಓಣಿಯಲ್ಲಿ ಮತದಾರರು ಕಡಿಮೆ ಎಂಬುದನ್ನು.