ಹೆಸರು ಹಾಕಿ ಬಂದ ಕಾಗದ

ನನಗೆ ಐವತ್ತು ತುಂಬಿ ಎಂಟು ತಿಂಗಳಾಗಿತ್ತು. ಇಂಗ್ಲೆಂಡಿನ ಲೆಸ್ಟರ್‌ನ ನಮ್ಮ ಮನೆಗೆ ಒಂದು ಕಾಗದ ಬಂತು. ಲಕೋಟೆಯ ಮೇಲೆ ನನ್ನ ಹೆಸರೊಂದೇ ಇತ್ತು. ಒಳಗೆ ದಿನ, ಹೊತ್ತು, ಜಾಗ ಎಲ್ಲಾ ಬರೆದಿದ್ದರು. ಸೂಪರ್‌ಮಾರ್ಕೆಟ್ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ವ್ಯಾನ್ ಇರುತ್ತದೆ, ಅಲ್ಲಿಗೆ ಬನ್ನಿ, ಸ್ತನದ ಕ್ಯಾನ್ಸರ್ ಇದೆಯೇ ಅಂತ ಪರೀಕ್ಷೆ ಮಾಡುತ್ತೇವೆ ಅಂತ.

ನಾನೇನೂ ಕೇಳಿಕೊಂಡಿರಲಿಲ್ಲ. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಇಲ್ಲಿನ ಪದ್ಧತಿಯೇ ಹಾಗೆ. ಊರಿನ ಜಿಪಿ, ಅಂದರೆ ಏನೇ ಆದರೂ ಮೊದಲು ತೋರಿಸುವ ಡಾಕ್ಟರ ಬಳಿ ಹೆಸರು ಬರೆಸಿದ ಹೆಂಗಸರಿಗೆ 50ರಿಂದ 53 ವರ್ಷದೊಳಗೆ ಮೊದಲ ಕರೆ ಬರುತ್ತದೆ. ಆಮೇಲೆ 71 ತುಂಬುವವರೆಗೆ ಮೂರು ವರ್ಷಕ್ಕೊಮ್ಮೆ. ಹೀಗೆ ಕರೆಯುವುದು ಶುರುವಾದದ್ದು 1988ರಲ್ಲಿ. ಒಂದು ಪೈಸೆಯನ್ನೂ ಕೊಡಬೇಕಿಲ್ಲ.

ವ್ಯಾನಿನೊಳಗೆ ಇದ್ದವರೆಲ್ಲ ಹೆಂಗಸರೇ. ಒಬ್ಬಾಕೆ ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಸ್ತನವನ್ನು ಎರಡು ತಟ್ಟೆಗಳ ನಡುವೆ ಒತ್ತಿ ಎಕ್ಸ್‌ರೇ ತೆಗೆಯುತ್ತಾರೆ, ಅದಕ್ಕೆ ಮ್ಯಾಮೊಗ್ರಾಮ್ ಅನ್ನುತ್ತಾರೆ. ಒತ್ತುವಾಗ ನೋವಾಯಿತು, ಆದರೆ ಕೆಲವೇ ಸೆಕೆಂಡು. ಎರಡು ವಾರದಲ್ಲಿ ಉತ್ತರವೂ ಅಂಚೆಯಲ್ಲಿ ಬಂತು. ಏನೂ ಇಲ್ಲ ಅಂತ.

ಆ ದಿನ ಪರೀಕ್ಷೆ ಮುಗಿಸಿ ಬಂದು ಕಾರಿನಲ್ಲಿ ಕೂತವಳಿಗೆ ಅಳು ತಡೆಯಲಾಗಲಿಲ್ಲ. ಅರಸೀಕೆರೆಯ ನನ್ನ ಚಿಕ್ಕಮ್ಮ ನೆನಪಾದರು.

ಚಿಕ್ಕಮ್ಮನಿಗೆ ಆಗ 47 ವರ್ಷ. ಸ್ನಾನ ಮಾಡುವಾಗ ಬಲಗಡೆ ಒಂದು ಗಂಟು ಕೈಗೆ ಸಿಕ್ಕಿತಂತೆ, ಹುಣಸೆ ಬೀಜದಷ್ಟು. ಯಾರಿಗೂ ಹೇಳಲಿಲ್ಲ. ಆ ವರ್ಷ ಮಗಳ ಮದುವೆ ಗೊತ್ತಾಗಿತ್ತು. ಮದುವೆ ಮುಗಿಯಲಿ ಅಂದುಕೊಂಡರು. ಮದುವೆ ಆಯಿತು, ಆಮೇಲೆ ಗೌರಿ ಹಬ್ಬ, ದೀಪಾವಳಿ. ಗಂಟು ನಿಂಬೆಹಣ್ಣಿನಷ್ಟಾಯಿತು. ಅದರ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತು. ಕಂಕುಳಲ್ಲೂ ಒಂದು ಗಂಟು ಬಂದ ಮೇಲೆ, ಸೀರೆ ಉಡಿಸುವಾಗ ಮಗಳ ಕಣ್ಣಿಗೆ ಬಿತ್ತು. ಹಾಸನಕ್ಕೆ ಹೋದರು, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಸ್ತನ ತೆಗೆದರು, ಕೀಮೋ ಕೊಟ್ಟರು. ಎರಡೂವರೆ ವರ್ಷ ಇದ್ದರು.

ಕೀಮೋ ನಡೆಯುತ್ತಿದ್ದಾಗ ಅವರನ್ನು ನೋಡಲು ಹೋಗಿದ್ದೆ. "ನೋವಿರಲಿಲ್ಲ ಕಣೇ" ಅಂದರು. "ನೋವೇ ಇಲ್ಲದ್ದಕ್ಕೆ ಡಾಕ್ಟ್ರ ಹತ್ರ ಹೋಗಿ ಎದೆ ತೋರಿಸೋದು ಹೆಂಗೆ? ನಿಮ್ಮ ಚಿಕ್ಕಪ್ಪನಿಗೆ ಏನಂತ ಹೇಳ್ಲಿ?"

ಈ ಕಾಯಿಲೆಯ ಮೋಸ ಇರುವುದೇ ಅಲ್ಲಿ. ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನಮ್ಮಲ್ಲಿ ನೋವಿದ್ದರೆ ಮಾತ್ರ ಕಾಯಿಲೆ ಅನ್ನುವ ಲೆಕ್ಕ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಜ. ಆದರೆ ಯಾವುದು ಹೌದು, ಯಾವುದು ಅಲ್ಲ ಅನ್ನುವುದು ತೋರಿಸದೆ ಗೊತ್ತಾಗುವುದಿಲ್ಲ. ಗಂಟು ಚಿಕ್ಕದಿದ್ದು, ಸ್ತನ ಬಿಟ್ಟು ಬೇರೆಡೆಗೆ ಹೋಗದೆ ಇರುವಾಗಲೇ ಸಿಕ್ಕರೆ, ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಹೆಂಗಸರು ಐದು ವರ್ಷ ದಾಟುತ್ತಾರೆ. ಅನೇಕರಿಗೆ ಇಡೀ ಸ್ತನ ತೆಗೆಯುವ ಅಗತ್ಯವೂ ಬರುವುದಿಲ್ಲ. ಹುಣಸೆ ಬೀಜದಷ್ಟಿದ್ದಾಗಲೇ ಚಿಕ್ಕಮ್ಮ ಬಾಯಿ ಬಿಟ್ಟಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಹಾಗಂತ ಇಲ್ಲಿನ ವ್ಯಾನನ್ನೇ ನಮ್ಮೂರಿಗೂ ತನ್ನಿ ಎಂದು ನಾನು ಹೇಳಲಾರೆ. ಇಲ್ಲಿನ ಪದ್ಧತಿ ಇಲ್ಲಿನವರ ವಯಸ್ಸು ನೋಡಿ ಮಾಡಿದ್ದು. ಭಾರತದಲ್ಲಿ ಈ ಕ್ಯಾನ್ಸರ್ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ನಲವತ್ತರ ಆಸುಪಾಸಿನವರ ಸ್ತನದ ಒಳಭಾಗ ಹೆಚ್ಚಾಗಿ ದಟ್ಟವಾಗಿರುತ್ತದೆ, ಮ್ಯಾಮೊಗ್ರಾಮ್‌ನಲ್ಲಿ ಗಂಟು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಯಂತ್ರಕ್ಕೆ ದುಡ್ಡು ಬೇಕು, ಚಿತ್ರ ಓದಬಲ್ಲ ಡಾಕ್ಟರು ಬೇಕು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಬೇರೆ ದಾರಿ ಹಿಡಿದರು. ತರಬೇತಿ ಕೊಟ್ಟ ಹೆಂಗಸರಿಂದ, ಬರೀ ಕೈಯಿಂದ ಪರೀಕ್ಷೆ ಮಾಡಿಸಿದರು. 1998ರಲ್ಲಿ ಶುರುಮಾಡಿ, ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಇಪ್ಪತ್ತು ವರ್ಷ ಗಮನಿಸಿದರು. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಕಾಯಿಲೆ ಇನ್ನೂ ಮುಂಚಿನ ಹಂತದಲ್ಲೇ ಸಿಕ್ಕಿತ್ತು. ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ಕಲಿತ ಕೈಗಳಿಂದಲೇ ಇಷ್ಟಾಯಿತಲ್ವಾ?

ಇಲ್ಲಿಂದ ಒಯ್ಯಬೇಕಾದ್ದು ಆ ಕಾಗದವನ್ನು. ಅದು ಮೊದಲು ಮಾತಾಡುವ ಭಾರವನ್ನು ಹೆಂಗಸಿನ ಮೇಲಿಂದ ಇಳಿಸುತ್ತದೆ. ನಾನು ಗಂಡನಿಗೆ ವಿವರಿಸಬೇಕಾಗಿರಲಿಲ್ಲ. "ಕಾಗದ ಬಂದಿದೆ, ಹೋಗಿ ಬರ್ತೀನಿ" ಅಂದೆ, ಅಷ್ಟೇ. ಚಿಕ್ಕಮ್ಮನಿಗೆ ಅಂಥ ಒಂದು ನೆಪ ಸಿಕ್ಕಿರಲಿಲ್ಲ.

ಹಾಗೆ ನೋಡಿದರೆ ನಮ್ಮಲ್ಲೂ ಬರಹದಲ್ಲಿ ಎಲ್ಲಾ ಇದೆ. 2016ರ ಕೇಂದ್ರ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಆಗಬೇಕು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದವರ ಪೈಕಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾರೆ. ಬಸುರಿಯರನ್ನು, ಮಕ್ಕಳ ಲಸಿಕೆಯನ್ನು ಹೆಸರು ಹಿಡಿದು ವಿಚಾರಿಸುತ್ತಾರೆ. ಹೆರಿಗೆಗೆ ಆಸ್ಪತ್ರೆಗೇ ಹೋಗಬೇಕು ಅನ್ನುವುದು ಹಳ್ಳಿಗಳಲ್ಲಿ ರೂಢಿಯಾದದ್ದರಲ್ಲಿ ಅವರ ಪಾಲು ದೊಡ್ಡದು. ಅದೇ ಆಶಾ, "ಸರೋಜಕ್ಕ, ಗುರುವಾರ ಹತ್ತು ಗಂಟೆಗೆ ಬಾ, ಲೇಡಿ ನರ್ಸ್ ಬರ್ತಾರೆ" ಎಂದು ಹೆಸರು ಹಿಡಿದು ಕರೆಯಲಿ. ಬಾರದಿದ್ದರೆ ಮತ್ತೆ ಕರೆಯಲಿ. ಗಂಟು ಸಿಕ್ಕರೆ ಮುಂದಿನ ಆಸ್ಪತ್ರೆಗೆ ಜೊತೆಗೆ ಹೋಗಲಿ, ಆ ಕೆಲಸಕ್ಕೆ ಅವರಿಗೆ ಸರಿಯಾದ ದುಡ್ಡೂ ಸಿಗಲಿ.

ಇಲ್ಲಿ ಇರುವ ನಮ್ಮ ಕನ್ನಡದ ಹೆಂಗಸರ ಬಗ್ಗೆಯೂ ನನಗೆ ಚಿಂತೆ ಇದೆ. ಯುಗಾದಿ ಊಟದಲ್ಲಿ ಒಬ್ಬರು ಹೇಳಿದರು, "ಕಾಗದ ಬಂದು ಆರು ತಿಂಗಳಾಯ್ತು, ಡ್ರಾಯರ್‌ನಲ್ಲಿದೆ." ಚಿಕ್ಕ ವಯಸ್ಸಿನವರು ಅಂದುಕೊಳ್ಳುವುದು ಇನ್ನೊಂದು ಥರ: ಕಾಗದ ಬಂದಿಲ್ಲ ಅಂದರೆ ತನಗೆ ಅಪಾಯವಿಲ್ಲ ಅಂತ. 42 ವರ್ಷದವಳಿಗೆ ಕಾಗದ ಬರುವುದಿಲ್ಲ, ಆದರೆ ಗಂಟು ಬರಬಹುದು. ಹೊಸ ಗಂಟು, ಚರ್ಮದಲ್ಲಿ ಗುಳಿ, ತೊಟ್ಟು ಒಳಕ್ಕೆ ಹೋಗುವುದು, ತೊಟ್ಟಿನಿಂದ ರಕ್ತ ಸೋರುವುದು, ಇವು ಕಂಡರೆ ಕಾಗದಕ್ಕೆ ಕಾಯಬೇಡಿ. ಜಿಪಿಗೆ ಫೋನ್ ಮಾಡಿ. ಹೆಂಗಸು ಡಾಕ್ಟರೇ ಬೇಕು ಅಂತ ಕೇಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಚಿಕ್ಕಮ್ಮನ ಮಗಳಿಗೆ ಈಗ 38. ತಾಯಿಗೆ ಬಂದಿದ್ದರಿಂದ ಅವಳು ಇನ್ನೂ ಎಚ್ಚರವಾಗಿರಬೇಕು. ಹೋದ ಭಾನುವಾರ ಫೋನಿನಲ್ಲಿ ಮಳೆ, ತೆಂಗಿನಕಾಯಿ ರೇಟು ಎಲ್ಲಾ ಮಾತಾಡಿದ ಮೇಲೆ ನೇರವಾಗಿ ಕೇಳಿದೆ, ತೋರಿಸಿದೆಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇಲ್ಲ ಅಕ್ಕ, ಯಾರ ಜೊತೆ ಹೋಗ್ಲಿ?" ಅಂದಳು. ಹಾಸನದಲ್ಲಿರುವ ನನ್ನ ತಂಗಿಗೆ ಆಗಲೇ ಫೋನ್ ಮಾಡಿದೆ. ಬುಧವಾರ ಇಬ್ಬರೂ ಹೋಗುತ್ತಿದ್ದಾರೆ.