ಪ್ರಯಾಣದ ಕಾರ್ಡನ್ನು ನಮ್ಮವರು ಏನು ನೋಡಿ ಆರಿಸುತ್ತಾರೆ?

ಕಳೆದ ಬೇಸಿಗೆಯಲ್ಲಿ ಅಮೆರಿಕಕ್ಕೆ ಬಂದಿದ್ದ ನನ್ನ ಚಿಕ್ಕಪ್ಪನ ಮಗ, ನಾನು ವರ್ಷಕ್ಕೆ 95 ಡಾಲರ್ ಶುಲ್ಕ ಕಟ್ಟಿ ಒಂದು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿರುವುದನ್ನು ತಿಳಿದು, "ಏನಣ್ಣ, ಇಷ್ಟು ವರ್ಷ ಹೊರದೇಶದಲ್ಲಿದ್ದೂ ಕಾರ್ಡಿಗೆ ದುಡ್ಡು ಕೊಡ್ತೀರಾ? ನನ್ನ ಹತ್ರ ಇರೋವೆಲ್ಲ ಲೈಫ್‌ಟೈಮ್ ಫ್ರೀ, ಜೊತೆಗೆ ಏರ್‌ಪೋರ್ಟಲ್ಲಿ ಊಟ, ವಿಶ್ರಾಂತಿಗೆ ಲೌಂಜ್ ಬೇರೆ" ಎಂದು ಮರುಕದಿಂದಲೇ ಕೇಳಿದ. ಮಾತಿನಲ್ಲಿ ಕುಹಕವಿರಲಿಲ್ಲ, ಅದಕ್ಕೇ ಅದು ಹೆಚ್ಚು ನಾಟಿತು. ಅವನು ಊರಿಗೆ ಹಿಂದಿರುಗಿದ ಮೇಲೆ "ಇದೇನಂತ ಸ್ವಲ್ಪ ನೋಡಿ ಹೇಳಿ" ಎಂದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಬಿಲ್ಲಿನಲ್ಲಿ, ಅಮೆರಿಕದಲ್ಲಿ ಮಾಡಿದ ಒಂದೊಂದು ಖರ್ಚಿನ ಕೆಳಗೂ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚನ್ನು ರೂಪಾಯಿಗೆ ಬದಲಾಯಿಸಲು ಬ್ಯಾಂಕು ಹಿಡಿಯುವ ಶುಲ್ಕ) ಎಂಬ ಒಂದು ಸಾಲು, ಅದರ ಕೆಳಗೆ ಆ ಮಾರ್ಕಪ್ಪಿನ ಮೇಲಿನ ಜಿಎಸ್‌ಟಿ ಎಂಬ ಇನ್ನೊಂದು ಸಾಲು ಇದ್ದವು.

ಲೆಕ್ಕ ಕಷ್ಟದ್ದಲ್ಲ. ಅವನ ಕಾರ್ಡಿನ ಮಾರ್ಕಪ್ ಶೇಕಡಾ 3.5. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 4.13 ಆಗುತ್ತದೆ. ಹೊರದೇಶದಲ್ಲಿ ಒಂದು ಲಕ್ಷ ರೂಪಾಯಿಯಷ್ಟು ಖರ್ಚು ಮಾಡಿದವನು 4,130 ರೂಪಾಯಿಯನ್ನು ಬರೀ ಹಣ ಬದಲಾಯಿಸಿದ್ದಕ್ಕೆ ಕೊಟ್ಟಂತಾಯಿತು. ಅದೇ ಒಂದು ಲಕ್ಷಕ್ಕೆ ಬಂದ ರಿವಾರ್ಡ್ ಪಾಯಿಂಟುಗಳ ಬೆಲೆ ಶೇಕಡಾ ಒಂದು ಎಂದು ಉದಾರವಾಗಿ ಹಿಡಿದರೂ ಸಾವಿರ ರೂಪಾಯಿ. ಇದು ಸಾಲದೆಂಬಂತೆ, ಹೋಟೆಲಿನವರು ಕಾರ್ಡ್ ಯಂತ್ರವನ್ನು ಅವನ ಮುಂದೆ ಹಿಡಿದು ಡಾಲರಿನಲ್ಲೋ ರೂಪಾಯಿಯಲ್ಲೋ ಎಂದು ಕೇಳಿದಾಗ, ನಮ್ಮ ಹಣವೇ ತಿಳಿಯಲು ಸುಲಭ ಎಂದುಕೊಂಡು ಅವನು ರೂಪಾಯಿಯನ್ನೇ ಒತ್ತಿದ್ದ. ಹಾಗೆ ಒತ್ತಿದಾಗ ವಿನಿಮಯ ದರವನ್ನು ನಿಗದಿ ಮಾಡುವವರು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲದವರಲ್ಲ, ಆ ಅಂಗಡಿಯ ಕಡೆಯ ಸಂಸ್ಥೆ. ಅದು ತನ್ನ ಲಾಭವನ್ನು ಆ ದರದೊಳಗೇ ಸೇರಿಸಿಕೊಂಡಿರುತ್ತದೆ. ಮೇಲಾಗಿ, ರೂಪಾಯಿಯಲ್ಲೇ ನಡೆದ ವಿದೇಶಿ ವಹಿವಾಟಿಗೂ ಪ್ರತ್ಯೇಕ ಶುಲ್ಕ ವಿಧಿಸುವ ಬ್ಯಾಂಕುಗಳು ನಮ್ಮಲ್ಲಿ ಹಲವು ಇವೆ.

ನನ್ನ ತಕರಾರು ಆ ಹುಡುಗನ ಮೇಲಲ್ಲ. ಕಾರ್ಡನ್ನು ಆರಿಸುವಾಗ ನಾವು ಮೊದಲು ಕೇಳುವ ಪ್ರಶ್ನೆಗಳ ಮೇಲೆ ನನ್ನ ತಕರಾರು. ಊರಿನ ಕಡೆಯಿಂದ ಕಾರ್ಡಿನ ಬಗ್ಗೆ ನನ್ನನ್ನು ವಿಚಾರಿಸಿದವರೆಲ್ಲ ಕೇಳಿದ್ದು ಎರಡೇ ಮಾತು: ವರ್ಷದ ಶುಲ್ಕ ಎಷ್ಟು, ಲೌಂಜ್ ಎಷ್ಟು ಸಲ. ವಿಮಾನ ರದ್ದಾದರೆ ಏನು ಸಿಗುತ್ತದೆ, ಪರದೇಶದ ಹಣದಲ್ಲಿ ಉಜ್ಜಿದರೆ ಎಷ್ಟು ಹಿಡಿಯುತ್ತಾರೆ, ಕೂಡಿಟ್ಟ ಪಾಯಿಂಟುಗಳನ್ನು ಯಾವ ಯಾವ ವಿಮಾನ ಸಂಸ್ಥೆಗೆ ವರ್ಗಾಯಿಸಬಹುದು ಎಂದು ಕೇಳಿದವರು ನನ್ನ ನೆನಪಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ನನ್ನ ಕಚೇರಿಯ ಸಹೋದ್ಯೋಗಿಗಳ ನಡುವೆ ಈ ಮಾತು ಬಂದರೆ ಅದು ಶುರುವಾಗುವುದೇ ಈ ಕೊನೆಯ ಮೂರು ಪ್ರಶ್ನೆಗಳಿಂದ. ಪ್ರಯಾಣದ ಕಾರ್ಡಿನ ನಿಜವಾದ ಬೆಲೆ ಗೊತ್ತಾಗುವುದು ಪ್ರಯಾಣ ಕೆಟ್ಟಾಗ. ನಮ್ಮವರೋ ಅದನ್ನು ವಿಮಾನ ಹತ್ತುವ ಮುಂಚಿನ ಉಪಚಾರದಿಂದ ಅಳೆಯುತ್ತಾರೆ.

ಲೌಂಜಿನ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನಮ್ಮವರ ಆಯ್ಕೆಯನ್ನು ಅದು ಆಳುತ್ತಿರುವಷ್ಟು ಮತ್ತಾವುದೂ ಆಳುತ್ತಿಲ್ಲ. ಕಾರ್ಡುದಾರನಿಗೆ ಅದು ಉಚಿತ. ಆದರೆ ಒಳಗೆ ಹೋದ ಪ್ರತಿಯೊಬ್ಬರ ಲೆಕ್ಕದಲ್ಲೂ ಬ್ಯಾಂಕು ಅಥವಾ ಕಾರ್ಡ್ ಜಾಲ ಲೌಂಜಿನವರಿಗೆ ಹಣ ಕೊಡುತ್ತದೆ. ಕಾರ್ಡುಗಳನ್ನು ಧಾರಾಳವಾಗಿ ಹಂಚಿದ ಮೇಲೆ ನಮ್ಮ ವಿಮಾನ ನಿಲ್ದಾಣಗಳ ಲೌಂಜುಗಳ ಮುಂದೆ ಸಾಲು ಬೆಳೆಯಿತು, ಬ್ಯಾಂಕುಗಳ ವೆಚ್ಚವೂ ಬೆಳೆಯಿತು. 2023 ಮತ್ತು 2024ರಲ್ಲಿ ಒಂದಾದ ಮೇಲೊಂದು ಬ್ಯಾಂಕು, ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದವರಿಗೆ ಮಾತ್ರ ಪ್ರವೇಶ ಎಂಬ ಷರತ್ತನ್ನು ತಂದಿತು. ಈಗ ನಮ್ಮವರು ಏನು ಮಾಡುತ್ತಿದ್ದಾರೆ? ಆ ಮೊತ್ತ ತುಂಬಲೆಂದೇ, ಬೇರೆ ಕಾರ್ಡಿನಲ್ಲಿ ಹೆಚ್ಚು ಲಾಭ ತರುತ್ತಿದ್ದ ಖರ್ಚನ್ನು ಈ ಕಾರ್ಡಿಗೆ ತಳ್ಳುತ್ತಿದ್ದಾರೆ. ಕೆಲವರು ಬೇಡದ್ದನ್ನೂ ಕೊಳ್ಳುತ್ತಿದ್ದಾರೆ. ಒಂದು ಗಂಟೆ ಕುಳಿತೆದ್ದು ಬರುವ ಜಾಗಕ್ಕಾಗಿ ಮೂರು ತಿಂಗಳ ಖರ್ಚಿನ ದಾರಿಯನ್ನೇ ತಿರುಗಿಸುವುದು ನನಗೆ ಅರ್ಥವಾಗದ ಸಂಗತಿ.

ಇದಕ್ಕೆ ಎದುರಾಗಿ ನನಗೆ ಒಂದು ಚಳಿಗಾಲದಲ್ಲಿ ಆದ ಅನುಭವವನ್ನು ಇಡುತ್ತೇನೆ. ಹಿಮಪಾತದಿಂದಾಗಿ ನನ್ನ ಸಂಪರ್ಕ ವಿಮಾನ ರಾತ್ರಿ ರದ್ದಾಯಿತು. ಹವಾಮಾನದ ಕಾರಣಕ್ಕೆ ರದ್ದಾದರೆ ಇಲ್ಲಿನ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ತಂಗಲು ಕೋಣೆ ಕೊಡುವುದಿಲ್ಲ, ನಮಗೂ ಕೊಡಲಿಲ್ಲ. ಟಿಕೆಟಿನ ಹಣವನ್ನು ಆ 95 ಡಾಲರಿನ ಕಾರ್ಡಿನಿಂದ ಕೊಟ್ಟಿದ್ದೆ. ಅದರಲ್ಲಿ, ಪ್ರಯಾಣ ಹನ್ನೆರಡು ಗಂಟೆಗಿಂತ ಹೆಚ್ಚು ತಡವಾದರೆ ಅಥವಾ ರಾತ್ರಿ ತಂಗಲೇಬೇಕಾಗಿ ಬಂದರೆ ಟಿಕೆಟ್ ಒಂದಕ್ಕೆ 500 ಡಾಲರ್‌ವರೆಗೆ ಭರಿಸುವ ವಿಮೆ ಸೇರಿತ್ತು. ವಿಮಾನ ಯಾಕೆ ರದ್ದಾಯಿತೆಂದು ಸಂಸ್ಥೆಯಿಂದ ಬರಹದಲ್ಲಿ ಪಡೆದೆ. ಹೋಟೆಲ್, ಊಟ, ಟ್ಯಾಕ್ಸಿಯ ರಸೀದಿಗಳನ್ನು ಇಟ್ಟುಕೊಂಡೆ. ಮನೆಗೆ ಬಂದು ಅವನ್ನೆಲ್ಲ ಅರ್ಜಿಯ ಜೊತೆ ಕಳುಹಿಸಿದೆ. ಹಣ ಬಂತು. ಯಾರನ್ನೂ ಬೇಡಬೇಕಾಗಲಿಲ್ಲ, ಯಾರ ಪರಿಚಯವೂ ಬೇಕಾಗಲಿಲ್ಲ. ಒಂದೇ ರಾತ್ರಿಯಲ್ಲಿ ಎರಡು ವರ್ಷದ ಶುಲ್ಕಕ್ಕಿಂತ ಹೆಚ್ಚು ಹಿಂದಿರುಗಿತ್ತು.

ಇನ್ನೂ ದೊಡ್ಡ ಅಂತರವಿರುವುದು ತಕರಾರು ಎತ್ತುವ ವಿಷಯದಲ್ಲಿ. ಅಮೆರಿಕದಲ್ಲಿ 1974ರಿಂದ ಇರುವ ಕಾನೂನಿನ ಪ್ರಕಾರ, ಬಿಲ್ಲಿನಲ್ಲಿ ತಪ್ಪಿದ್ದರೆ ಅಥವಾ ಹಣ ಕೊಟ್ಟ ಸೇವೆ ಒಪ್ಪಿದಂತೆ ಸಿಗದಿದ್ದರೆ, ಬಿಲ್ಲು ಬಂದ 60 ದಿನಗಳೊಳಗೆ ಬ್ಯಾಂಕಿಗೆ ಬರೆದು ತಿಳಿಸಬಹುದು. ಬ್ಯಾಂಕು ಎರಡು ಬಿಲ್ ಅವಧಿಯೊಳಗೆ, ಹೆಚ್ಚೆಂದರೆ 90 ದಿನಗಳಲ್ಲಿ, ಇತ್ಯರ್ಥ ಮಾಡಬೇಕು. ಅಲ್ಲಿಯವರೆಗೆ ತಕರಾರಿನ ಮೊತ್ತವನ್ನು ಕಟ್ಟಬೇಕಿಲ್ಲ, ಕಟ್ಟಲಿಲ್ಲವೆಂದು ನಮ್ಮ ಸಾಲಚರಿತ್ರೆಗೆ ಮಸಿ ಬಳಿಯುವಂತೆಯೂ ಇಲ್ಲ. ಇದನ್ನು ಇಲ್ಲಿಯ ಜನ ಸಂಕೋಚವಿಲ್ಲದೆ ಬಳಸುತ್ತಾರೆ. ಊರಿನಲ್ಲಿ ನನ್ನ ಭಾವ ಪ್ರವಾಸಕ್ಕೆಂದು ಕಾದಿರಿಸಿದ ಕೋಣೆ ಅಲ್ಲಿಗೆ ಹೋದಾಗ ಇರಲೇ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ, "ಒಟಿಪಿ ನೀವೇ ಹಾಕಿದ್ದೀರಲ್ಲ ಸರ್" ಎಂಬ ಉತ್ತರ ಬಂತು. ಭಾವನವರು ಅಲ್ಲಿಗೆ ಕೈಬಿಟ್ಟರು. ಒಟಿಪಿ ಹಾಕಿದ್ದು ಹಣ ಕೊಟ್ಟದ್ದಕ್ಕೆ ಸಾಕ್ಷಿಯೇ ಹೊರತು ಕೋಣೆ ಸಿಕ್ಕಿದ್ದಕ್ಕೆ ಸಾಕ್ಷಿಯಲ್ಲ ಎಂದು ಅವರೂ ವಾದಿಸಲಿಲ್ಲ, ಆ ಕಡೆಯವರಿಗೂ ತೋಚಲಿಲ್ಲ. ಸುಶಿಕ್ಷಿತರಾದ ನಮ್ಮ ಹಿರಿಯರು ತರಕಾರಿಯವನ ಹತ್ತಿರ ಒಂದು ರೂಪಾಯಿಗೆ ಚೌಕಾಸಿ ಮಾಡಿ, ಬ್ಯಾಂಕಿನ ಮುಂದೆ ಸಾವಿರಗಳನ್ನು ಬಿಟ್ಟುಕೊಟ್ಟು ಸುಮ್ಮನಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಪಾಯಿಂಟುಗಳನ್ನು ಬಳಸುವ ರೀತಿಯೂ ಬೇರೆ. ನಮ್ಮಲ್ಲಿ ಅವನ್ನು ಕೂಡಿಡುತ್ತಾರೆ. ಅವಧಿ ಮುಗಿಯುತ್ತದೆಂದು ಸಂದೇಶ ಬಂದ ದಿನ ಬ್ಯಾಂಕಿನ ಪಟ್ಟಿಯಲ್ಲಿ ಕಂಡ ಟ್ರಾಲಿ ಬ್ಯಾಗನ್ನೋ ಉಡುಗೊರೆ ವೋಚರನ್ನೋ ತೆಗೆದುಕೊಂಡು ಸಮಾಧಾನಪಡುತ್ತಾರೆ. ಒಂದೇ ಪಾಯಿಂಟಿಗೆ ವಸ್ತುವಿನ ರೂಪದಲ್ಲಿ ಸಿಗುವ ಬೆಲೆಗೂ ವಿಮಾನದ ಟಿಕೆಟಿನ ರೂಪದಲ್ಲಿ ಸಿಗುವ ಬೆಲೆಗೂ ಎರಡು ಮೂರು ಪಟ್ಟು ಅಂತರವಿರುವುದು ಸಾಮಾನ್ಯ. ಕೂಡಿಡುವುದಂತೂ ಅಪಾಯದ್ದೇ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಹಾರಿದ ದೂರಕ್ಕೆ ಪಾಯಿಂಟ್ ಕೊಡುವ ತನ್ನ ಮೈಲಿ ಯೋಜನೆಯನ್ನು ಆರಂಭಿಸಿದ ಕಾಲದಿಂದ ಇಂದಿನವರೆಗೆ ಈ ವ್ಯವಸ್ಥೆಯ ಮೂಲ ನಿಯಮ ಒಂದೇ: ಪಾಯಿಂಟಿನ ಬೆಲೆಯನ್ನು ನಿಗದಿ ಮಾಡುವವರು ಅದನ್ನು ಹಂಚಿದವರೇ, ಬೇಕೆಂದಾಗ ಇಳಿಸುವವರೂ ಅವರೇ. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು. ಇಷ್ಟನ್ನು ಕಣ್ಣಾರೆ ಕಂಡ ಮೇಲೂ ಒಂದೇ ವಿಮಾನ ಸಂಸ್ಥೆಗೆ ಕಟ್ಟುಬಿದ್ದ ಕಾರ್ಡನ್ನು ಆರಿಸಿ, ವರ್ಷಗಟ್ಟಲೆ ಪಾಯಿಂಟ್ ಪೇರಿಸುವವರು ನಮ್ಮವರಲ್ಲಿ ಇದ್ದಾರೆ. ಹಲವು ಸಂಸ್ಥೆಗಳಿಗೆ ವರ್ಗಾಯಿಸಬಹುದಾದ ಪಾಯಿಂಟುಗಳನ್ನು ಕೊಡುವ ಕಾರ್ಡನ್ನು ಇಟ್ಟುಕೊಂಡು, ಟಿಕೆಟ್ ಇರುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ವರ್ಗಾಯಿಸಿ, ಬಂದದ್ದನ್ನು ಬೇಗ ಖರ್ಚು ಮಾಡುವುದು ಇಲ್ಲಿನ ಬಲ್ಲವರ ಪದ್ಧತಿ. ವರ್ಗಾಯಿಸಿದ ಪಾಯಿಂಟು ಹಿಂದಕ್ಕೆ ಬರುವುದಿಲ್ಲವಾದ್ದರಿಂದ ಆ ಕ್ರಮವನ್ನು ತಪ್ಪಿಸಬಾರದು.

ಪೂರ್ತಿ ಬಿಲ್ಲನ್ನು ಪ್ರತಿ ತಿಂಗಳೂ ಕಟ್ಟಲಾಗದವರಿಗೆ ಈ ಚರ್ಚೆಯೇ ಬೇಡ. ನಮ್ಮಲ್ಲಿ ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇಕಡಾ 3.5ರ ಆಸುಪಾಸು, ಎಂದರೆ ವರ್ಷಕ್ಕೆ 42. ಯಾವ ಪಾಯಿಂಟೂ ಅದನ್ನು ತುಂಬಿಕೊಡದು.

ಇಷ್ಟೆಲ್ಲ ಬರೆದ ಮೇಲೆ, ಅಮೆರಿಕದ ಈ ಔದಾರ್ಯದ ಹಣ ಎಲ್ಲಿಂದ ಬರುತ್ತದೆಂಬುದನ್ನೂ ಹೇಳಲೇಬೇಕು. ಪ್ರತಿ ಸಲ ಕಾರ್ಡ್ ಉಜ್ಜಿದಾಗಲೂ ಅಂಗಡಿಯವನಿಂದ ಒಂದು ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟ 2015ರಲ್ಲಿ ಆ ಪಾಲನ್ನು ಕ್ರೆಡಿಟ್ ಕಾರ್ಡಿಗೆ ಶೇಕಡಾ 0.3ಕ್ಕೆ ಮಿತಿಗೊಳಿಸಿತು, ಅಲ್ಲಿ ಕಾರ್ಡುಗಳ ಕೊಡುಗೆಗಳೂ ತೆಳುವಾಗಿವೆ. ಅಮೆರಿಕ 2010ರ ಕಾನೂನಿನ ಮೂಲಕ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಿತಿ ಹಾಕಿತೇ ಹೊರತು ಕ್ರೆಡಿಟ್ ಕಾರ್ಡನ್ನು ಮುಟ್ಟಲಿಲ್ಲ. ಅಂಗಡಿಯವನು ಆ ವೆಚ್ಚವನ್ನು ಸರಕಿನ ಬೆಲೆಯಲ್ಲಿ ಸೇರಿಸುತ್ತಾನೆ. ನಗದು ಕೊಟ್ಟು ಕೊಳ್ಳುವ ಬಡವನೂ ಅದೇ ಬೆಲೆ ಕೊಡುತ್ತಾನೆ. ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿ ಬೇರೆ. ನನ್ನ ಟಿಕೆಟಿನಲ್ಲಿ ಅವರೆಲ್ಲರ ಪಾಲಿದೆ. ಯುಪಿಐ ಮತ್ತು ರುಪೇ ಡೆಬಿಟ್ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಯ ಮೇಲಿನ ಶುಲ್ಕವನ್ನೇ ತೆಗೆದುಹಾಕಿದ ನಮ್ಮ ದೇಶದ ದಾರಿ, ಈ ದೃಷ್ಟಿಯಿಂದ, ಹೆಚ್ಚು ನ್ಯಾಯದ್ದು.

ಹೊಸದಾಗಿ ಬಂದವನನ್ನು ಅಮೆರಿಕ ನಡೆಸಿಕೊಳ್ಳುವ ರೀತಿಯೂ ಹಿತವಾದದ್ದಲ್ಲ. ಊರಿನಲ್ಲಿ ಎಷ್ಟೇ ಶಿಸ್ತಿನಿಂದ ಸಾಲ ತೀರಿಸಿ ಬಂದಿದ್ದರೂ, ಬಹುತೇಕ ಬ್ಯಾಂಕುಗಳ ಲೆಕ್ಕದಲ್ಲಿ ಅವನಿಗೆ ಸಾಲಚರಿತ್ರೆಯೇ ಇಲ್ಲ. ಅವನು ಠೇವಣಿ ಇಟ್ಟು ಸಣ್ಣ ಮಿತಿಯ ಕಾರ್ಡ್ ಪಡೆದು, ತಿಂಗಳುಗಟ್ಟಲೆ ನಂಬಿಕೆ ಗಳಿಸಿದ ಮೇಲಷ್ಟೇ ನಾನು ಹೊಗಳಿದ ಕಾರ್ಡಿನ ಬಾಗಿಲು ತೆರೆಯುತ್ತದೆ. ಲೌಂಜಿನ ಮೋಹ ಇಲ್ಲಿಲ್ಲವೆಂದೂ ಹೇಳಲಾರೆ: 2025ರಲ್ಲಿ ಲೌಂಜ್ ಪ್ರವೇಶ ಕೊಡುವ ದುಬಾರಿ ಕಾರ್ಡುಗಳ ಪೈಕಿ ಚೇಸ್ ಸಫೈರ್ ರಿಸರ್ವ್ ತನ್ನ ವಾರ್ಷಿಕ ಶುಲ್ಕವನ್ನು 795 ಡಾಲರಿಗೂ ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಟಿನಂ 895 ಡಾಲರಿಗೂ ಏರಿಸಿದವು. ಅದನ್ನು ಸರಿದೂಗಿಸಲೆಂದು ಕೊಟ್ಟ ಬಗೆಬಗೆಯ ರಿಯಾಯಿತಿಗಳನ್ನು ಬಳಸಿ ಮುಗಿಸಲು ಒದ್ದಾಡುವವರೂ ನನ್ನ ಸುತ್ತ ಇದ್ದಾರೆ.

ನಿಯಮಗಳ ವಿಷಯದಲ್ಲಿ ನಮ್ಮ ರಿಸರ್ವ್ ಬ್ಯಾಂಕು ಹಿಂದೆ ಬಿದ್ದಿಲ್ಲ ಎಂಬುದನ್ನು ಒಪ್ಪಲು ನನಗೆ ಸ್ವಲ್ಪ ಸಮಯ ಹಿಡಿಯಿತು. 2020ರ ಅಕ್ಟೋಬರಿನಿಂದ ಕಾರ್ಡಿನ ವಿದೇಶಿ ಬಳಕೆಯನ್ನು ನಾವೇ ತೆರೆಯಬಹುದು, ಮುಚ್ಚಬಹುದು, ಮಿತಿ ಹಾಕಬಹುದು. 2022ರ ನಿರ್ದೇಶನದಂತೆ, ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿರೆಂದು ಕೋರಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕು. ಬಿಲ್ಲಿನ ಬಗ್ಗೆ ತಕರಾರು ಬಂದರೆ 30 ದಿನಗಳೊಳಗೆ ವಿವರಣೆಯನ್ನೂ ಅಗತ್ಯವಿದ್ದಲ್ಲಿ ದಾಖಲೆಯನ್ನೂ ಒದಗಿಸಬೇಕು. ಬ್ಯಾಂಕು ಕೇಳದಿದ್ದರೆ, ಅಂಥ ದೂರುಗಳನ್ನು 2021ರಿಂದ ಒಂದೇ ಕಡೆ ಸ್ವೀಕರಿಸಿ ಇತ್ಯರ್ಥ ಮಾಡುವ ಓಂಬುಡ್ಸ್‌ಮನ್ ಇದ್ದಾರೆ. ಭಾವನವರ ಕೋಣೆಯ ಹಣವೂ ಈ ದಾರಿಯಲ್ಲಿ ಬರಬಹುದಿತ್ತು.

ವಿದೇಶಿ ಖರ್ಚಿಗೆ ಮಾರ್ಕಪ್ಪೇ ಇಲ್ಲದ ಕಾರ್ಡುಗಳೂ ಈಗ ನಮ್ಮಲ್ಲಿ ಬಂದಿವೆ, ಅವುಗಳಲ್ಲಿ ಕೆಲವಕ್ಕೆ ವಾರ್ಷಿಕ ಶುಲ್ಕವೂ ಇಲ್ಲ. ಹಾಗಾಗಿ ಹೊರದೇಶಕ್ಕೆ ಹೊರಟವರು ಕೇಳಿದಾಗ ನಾನು ಇಂದು ಹೇಳುವುದು ಇಷ್ಟು: ಮಾರ್ಕಪ್ ಇಲ್ಲದ ಒಂದು ಕಾರ್ಡನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ, ಯಂತ್ರ ಕೇಳಿದಾಗ ಆ ದೇಶದ ಹಣವನ್ನೇ ಒತ್ತಿ, ಕಾರ್ಡಿನ ಜೊತೆ ಪ್ರಯಾಣ ವಿಮೆ ಇದೆಯೆಂದರೆ ಅದರ ಷರತ್ತುಗಳ ಪ್ರತಿಯನ್ನು ಹೊರಡುವ ಮೊದಲೇ ಬ್ಯಾಂಕಿನಿಂದ ಕೇಳಿ ಪಡೆಯಿರಿ. ಎಷ್ಟು ಗಂಟೆ ತಡವಾದರೆ ಹಣ ಕೊಡುತ್ತಾರೆ, ಟಿಕೆಟನ್ನು ಅದೇ ಕಾರ್ಡಿನಿಂದ ಕೊಂಡಿರಬೇಕೇ, ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದು ಆ ಪ್ರತಿಯಲ್ಲಿ ಇರುತ್ತದೆ. ಅದನ್ನು ಕೊಡಲು ಬ್ಯಾಂಕು ತಡಬಡಿಸಿದರೆ, ಆ ವಿಮೆಯನ್ನು ನೆಚ್ಚಿಕೊಳ್ಳದೆ ಬೇರೆ ಪಾಲಿಸಿ ಮಾಡಿಸಿ.